ಎದುರುಮನೆಯ ಬಾಗಿಲು

ಕಳೆದ ಏಪ್ರಿಲ್ ತಿಂಗಳ ರಜೆಯಲ್ಲಿ ನಾನು ಮುಂಬಯಿಗೆ ಹೋದದ್ದು ಊರು ನೋಡುವ ಉದ್ದೇಶದಿಂದಲ್ಲ. ಮಗಳನ್ನು ಮರಳಿ ಕರೆತರುವ ಉದ್ದೇಶದಿಂದ. ಉದ್ಯೋಗ ದೊರೆತು ಅವಳು ಅಲ್ಲಿಗೆ ಹೋಗಿ ಆಗ ಮೂರು ತಿಂಗಳಾಗಿತ್ತು. ಡೊಂಬಿವಲಿಯ ಕಟ್ಟಡವೊಂದರ ನಾಲ್ಕನೆಯ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮುಂಜಾನೆ ಏಳಕ್ಕೆ ಹೊರಟರೆ ರಾತ್ರಿ ಎಂಟೂವರೆಗೆ ಮರಳುವುದು. ಒಂದು ರಾತ್ರಿ ಫೋನಿನಲ್ಲಿ, “ಅಪ್ಪಾ, ಎದುರುಮನೆಯವರ ಹೆಸರು ಕೂಡ ನನಗೆ ಇನ್ನೂ ಗೊತ್ತಿಲ್ಲ. ಜ್ವರ ಬಂದು ಮಲಗಿದರೆ ಒಂದು ಲೋಟ ಗಂಜಿ ಕೊಡುವವರಿಲ್ಲ” ಎಂದಳು. ಅವಳ ತಾಯಿ ಆ ರಾತ್ರಿ ನಿದ್ರಿಸಲಿಲ್ಲ. ಶಾಲೆಗೆ ರಜೆ ಬಂದ ಮೂರನೆಯ ದಿನ ನಾನು ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದೆ. ಜೊತೆಗೆ ಆಗಷ್ಟೇ ಒಣಗಿದ ಹಲಸಿನ ಹಪ್ಪಳ ತುಂಬಿದ ಒಂದು ತಗಡಿನ ಡಬ್ಬ, ಒಂದು ಭರಣಿ ಮಿಡಿ ಉಪ್ಪಿನಕಾಯಿ.

ನಮ್ಮ ಕಡೆಯವರಿಗೆ ಮುಂಬಯಿ ಹೊಸ ಊರಲ್ಲವೆಂಬುದು ವಾಚಕರಿಗೆ ತಿಳಿದದ್ದೇ. ನನ್ನ ದೊಡ್ಡಪ್ಪ 1962ರಲ್ಲಿ ಅಲ್ಲಿಗೆ ಹೋದವರು. ಕೊಂಕಣ ರೈಲುಮಾರ್ಗ ಪೂರ್ಣಗೊಂಡದ್ದು 1998ರಲ್ಲಿ. ಅವರು ಹೋದದ್ದು ಬಸ್ಸುಗಳನ್ನು ಬದಲಿಸುತ್ತ, ಊರವರೊಬ್ಬರು ಬರೆದುಕೊಟ್ಟ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು. ಹಗಲು ಕೋಟೆ ಭಾಗದ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಹೋಟೆಲಿನ ಮೇಜುಗಳನ್ನೇ ಜೋಡಿಸಿಕೊಂಡು ನಿದ್ರೆ. ಹೊಸಬನು ಮೊದಲು ಬಂದು ಬೀಳುತ್ತಿದ್ದುದು ತನ್ನವರ ನಡುವೆಯೇ. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ 1902ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು. ಮಗಳಿಗೆ ಇವನ್ನೆಲ್ಲ ಹೇಳಿದರೆ, “ಭಾನುವಾರ ಒಂದೇ ಅಪ್ಪಾ, ಬಟ್ಟೆ ಒಗೆಯಲಿಕ್ಕೇ ಸಾಲದು” ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ದೊಡ್ಡಪ್ಪನಿಗೆ ಮುಂದೆ ಗುಮಾಸ್ತಿಕೆ ಸಿಕ್ಕಿ ವರಳಿಯ ಬಿ.ಡಿ.ಡಿ. ಚಾಳಿನಲ್ಲಿ ವಾಸವಾಯಿತು. 1920ರ ದಶಕದಲ್ಲಿ ಸರಕಾರವು ಕೆಲಸಗಾರರಿಗಾಗಿ ಕಟ್ಟಿಸಿದ ಆ ಕಟ್ಟಡಗಳಲ್ಲಿ ಒಂದು ಸಂಸಾರಕ್ಕೆ 160 ಚದರಡಿಯ ಒಂದೇ ಕೋಣೆ. ಉದ್ದನೆಯ ಓಣಿ, ಓಣಿಯ ಕೊನೆಗೆ ಎಲ್ಲರಿಗೂ ಸೇರಿ ಶೌಚಾಲಯ. ಬಾಗಿಲು ಮುಚ್ಚಿದರೆ ಗಾಳಿಯಿಲ್ಲ. ಆದುದರಿಂದ ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಅಂತಹ ಕಡೆ ಪರಿಚಯವಾಗದೆ ಇರಲು ಮನುಷ್ಯನು ಪ್ರಯತ್ನಪಡಬೇಕು! 1966ರ ಅನಂತರ ಆ ನಗರದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದು ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ಕಾಲದಲ್ಲಿ, ಪಕ್ಕದ ಕೋಣೆಯ ರತ್ನಾಗಿರಿಯ ಗಿರಣಿ ಕೆಲಸಗಾರನೊಬ್ಬ ಮೂರು ಸಂಜೆ ಇವರ ಹೊಸ್ತಿಲಲ್ಲಿ ಬೀಡಿ ಸೇದುತ್ತ ಕುಳಿತಿದ್ದನಂತೆ. “ಕಲ್ಲು ಹೊಡೆದವನೂ ಮರಾಠಿಗ, ಬಾಗಿಲು ಕಾದವನೂ ಮರಾಠಿಗ. ಮುಂಬಯಿಯವರು ಹೇಗೆ ಎಂದು ಕೇಳಿದರೆ ನಾನು ಏನು ಹೇಳಲಿ?” ಎನ್ನುತ್ತಿದ್ದರು ದೊಡ್ಡಪ್ಪ. ಆ ಚಾಳುಗಳನ್ನು ಕೆಡವಿ ಈಗ ಗಗನಚುಂಬಿ ಕಟ್ಟಡಗಳನ್ನು ಎಬ್ಬಿಸಲಾಗುತ್ತಿದೆ.

ಮಗಳ ಕಟ್ಟಡದಲ್ಲಿ ಓಣಿಯಿಲ್ಲ. ಲಿಫ್ಟಿನ ಎದುರು ನಾಲ್ಕು ಬಾಗಿಲು, ನಾಲ್ಕೂ ಮುಚ್ಚಿದವು. ಮೊದಲ ಎರಡು ದಿನ ನನಗೂ ಉಸಿರು ಕಟ್ಟಿದಂತಾಯಿತು.

ಮೂರನೆಯ ದಿನ ಅವಳೊಡನೆ ದಾದರಿಗೆ ಹೊರಟೆ. ಅವಳು ಮಹಿಳೆಯರ ಡಬ್ಬಿಗೆ, ನಾನು ಎರಡನೆಯ ದರ್ಜೆಯ ನೂಕುನುಗ್ಗಲಿಗೆ. ಬಾಗಿಲಲ್ಲಿ ನೇತಾಡುತ್ತಿದ್ದವನೊಬ್ಬ ನನ್ನ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡ. ಇನ್ನೊಬ್ಬ ಕೈಚೀಲವನ್ನು ಇಸಿದುಕೊಂಡು ಮುಂದಿನವನಿಗೆ ಕೊಟ್ಟ. ಅದು ನಾಲ್ಕು ಕೈ ದಾಟಿ ಮೇಲಿನ ಅಟ್ಟಣೆಗೆ ಸೇರಿತು. ಮೂವರು ಕುಳಿತುಕೊಳ್ಳುವ ಆಸನದಲ್ಲಿ ನಾಲ್ಕನೆಯವನಿಗೆ ಅಂಚಿನ ಸ್ಥಳ ಬಿಡುವುದು ಅಲ್ಲಿಯ ಅಲಿಖಿತ ಶಾಸನ. ನನ್ನ ನರೆತ ತಲೆಯನ್ನು ಕಂಡು ಮೂವರೂ ಒಮ್ಮೆಗೇ ಸರಿದರು. ಮುಗುಳ್ನಗೆಯಿಲ್ಲ, ಮಾತಿಲ್ಲ, “ಯಾವ ಊರು, ಯಾರ ಮಗ” ಎಂಬ ವಿಚಾರಣೆಯೂ ಇಲ್ಲ. ನಮ್ಮೂರಿನ ಬಸ್ಸಿನಲ್ಲಾದರೆ ಈ ಪ್ರಶ್ನೆಗಳು ಮೊದಲು, ಜಾಗ ಆಮೇಲೆ. ಆ ಪ್ರಶ್ನೆಗಳನ್ನು ನಾವು ಆತ್ಮೀಯತೆಯೆಂದು ತಿಳಿದಿದ್ದೇವೆ. ಅವುಗಳ ಹಿಂದೆ ಜಾತಿಯನ್ನು ಗೊತ್ತುಮಾಡಿಕೊಳ್ಳುವ ಆತುರವೂ ಇರುತ್ತದೆಂಬುದನ್ನು ಒಪ್ಪಲೇಬೇಕು.

ಹಾಗೆಂದು ಆ ನಗರವನ್ನು ಅತಿಯಾಗಿ ಹೊಗಳಲು ನನಗೆ ಮನಸ್ಸಿಲ್ಲ. ರೈಲಿನಲ್ಲಿ ಕೇಳದ ಪ್ರಶ್ನೆಗಳನ್ನು ಮನೆ ಬಾಡಿಗೆಗೆ ಕೊಡುವಾಗ ಕೇಳುತ್ತಾರೆ. ಈ ಕೋಣೆ ಸಿಗುವ ಮೊದಲು ಎರಡು ಕಡೆ ಮಗಳನ್ನು ಹಿಂದಕ್ಕೆ ಕಳುಹಿಸಿದ್ದರು. ಒಂದು ಕಡೆ ಅವಳು ಒಂಟಿ ಹೆಣ್ಣೆಂಬ ಕಾರಣ. ಇನ್ನೊಂದು ಕಡೆ ಒಲೆಯ ಮೇಲೆ ಏನು ಬೇಯುತ್ತದೆಂಬ ವಿಚಾರ.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. 2006ರಲ್ಲಿ ‘ರೀಡರ್ಸ್ ಡೈಜೆಸ್ಟ್’ ಪತ್ರಿಕೆಯವರು ಲೋಕದ 35 ನಗರಗಳಲ್ಲಿ ಸೌಜನ್ಯದ ಪರೀಕ್ಷೆ ನಡೆಸಿದರು. ಹಿಂದೆ ಬರುವವನಿಗಾಗಿ ಬಾಗಿಲನ್ನು ಹಿಡಿದು ನಿಲ್ಲುತ್ತಾರೋ, ಕೆಳಗೆ ಬಿದ್ದ ಕಾಗದಗಳನ್ನು ಹೆಕ್ಕಿಕೊಡುತ್ತಾರೋ, ಅಂಗಡಿಯವರು ಉಪಕಾರಸ್ಮರಣೆಯ ಮಾತಾಡುತ್ತಾರೋ ಎಂಬ ಮೂರು ಪರೀಕ್ಷೆಗಳು. ನ್ಯೂಯಾರ್ಕ್ ಮೊದಲನೆಯದಾಯಿತು, ಮುಂಬಯಿ ಕಟ್ಟಕಡೆಯದು. ಅದರ ಹಿಂದಿನ ವರ್ಷವೇ, 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು ರೈಲುಗಳು ನಿಂತು, ಲಕ್ಷಾಂತರ ಜನ ಎದೆಮಟ್ಟದ ನೀರಿನಲ್ಲಿ ನಡೆಯುತ್ತಿದ್ದಾಗ, ಇದೇ ನಗರದವರು ಮಾನವ ಸರಪಳಿ ಕಟ್ಟಿ ದಾರಿ ತೋರಿಸಿದ್ದರು. ಬೀದಿಯಲ್ಲಿ ನಿಂತು ಚಹಾ, ಬಿಸ್ಕತ್ತು ಹಂಚಿದ್ದರು. ಗುರುತಿಲ್ಲದವರನ್ನು ಮನೆಯೊಳಗೆ ಮಲಗಿಸಿಕೊಂಡಿದ್ದರು. ಉಪಕಾರಸ್ಮರಣೆಯ ಮಾತನ್ನು ನಮ್ಮೂರಿನ ಕಿರಾಣಿ ಅಂಗಡಿಯವರೂ ಈ ತನಕ ನನಗೆ ಹೇಳಿದ್ದಿಲ್ಲ. ಪರೀಕ್ಷೆ ಮಾಡುವುದೇ ನನ್ನ ವೃತ್ತಿಯಾದ ಕಾರಣ ಹೇಳುತ್ತೇನೆ, ಆ ಪ್ರಶ್ನೆಪತ್ರಿಕೆಯಲ್ಲಿಯೇ ದೋಷವಿತ್ತು.

ಆದರೂ ಮಗಳ ಗಂಜಿಯ ಪ್ರಶ್ನೆಗೆ ಇದು ಉತ್ತರವಲ್ಲವಷ್ಟೆ. ಪ್ರವಾಹದಲ್ಲಿ ಕೈ ಹಿಡಿಯುವವರು ಸಾಧಾರಣ ದಿನದಲ್ಲಿ ಬಾಗಿಲು ತೆರೆಯುವುದೆಂತು? ಶಿಕ್ಷಕರ ತರಬೇತಿಯಲ್ಲಿ ನಮಗೊಂದು ಉಪಾಯ ಕಲಿಸಿದ್ದರು. ತರಗತಿಗೆ ಹೊಸ ಮಗು ಬಂದರೆ ಅದನ್ನು ಮುದ್ದಿಸುತ್ತ ಕೂರಬಾರದು. ಪಕ್ಕದ ತರಗತಿಯಿಂದ ಸೀಮೆಸುಣ್ಣ ಕೇಳಿ ತರುವ ಕೆಲಸ ಒಪ್ಪಿಸಬೇಕು. ಆಗ ಅದಕ್ಕೆ ಮಾತಾಡದೆ ನಿರ್ವಾಹವಿಲ್ಲ. ಐದನೆಯ ದಿನ ಸಂಜೆ ನಾನು ಹಪ್ಪಳದ ಡಬ್ಬವನ್ನು ಹಿಡಿದು ಎದುರುಮನೆಯ ಗಂಟೆ ಒತ್ತಿದೆ.

ಬಾಗಿಲು ತೆರೆದವರು ಎಪ್ಪತ್ತು ದಾಟಿದ ಮರಾಠಿ ಅಜ್ಜಿ. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಾಗಿ ಎಂದೋ ಓದಿದ ಹಿಂದಿಯಲ್ಲಿ, ಹಪ್ಪಳದೊಡನೆ ಒಂದು ಉಪಕಾರವನ್ನೂ ಕೇಳಿದೆ: ಮಗಳ ಕೋಣೆಯ ಎರಡನೆಯ ಬೀಗದ ಕೈ ತಮ್ಮಲ್ಲಿರಲಿ. ಅವರು ಅದನ್ನು ತೆಗೆದುಕೊಂಡು ದೇವರ ಗೂಡಿನ ಮೊಳೆಗೆ ತೂಗಹಾಕಿದರು. ಬಳಿಕ ಹೇಳಿದ ಮಾತು ನನ್ನನ್ನು ನಾಚಿಸಿತು. ಹುಡುಗಿ ಸದಾ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಫೋನ್ ನೋಡುತ್ತ ಲಿಫ್ಟ್ ಹತ್ತುತ್ತಾಳೆ. ಈ ಕಾಲದವರಿಗೆ ನೆರೆಯವರ ಕಾಟ ಹಿಡಿಸದೆಂದು ತಾವೇ ಸುಮ್ಮನಿದ್ದರಂತೆ. ರೈಲು ನಿಂತುಹೋದ ಒಂದು ರಾತ್ರಿ ಮಾತ್ರ ಕೆಳಗಿನ ಕಾವಲುಗಾರನಲ್ಲಿ ಎರಡು ಸಲ ವಿಚಾರಿಸಿ, ಅವಳು ಬಂದಳೆಂದು ತಿಳಿದ ಮೇಲೆ ಮಲಗಿದರಂತೆ.

ಮಗಳನ್ನು ಕರೆತರುವ ಮಾತನ್ನು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳ ದಣಿವು ಕಡಿಮೆಯಾಗಿದೆಯೆಂದು ಹೇಳಲಾರೆ. ರೈಲು ಅದೇ, ರಾತ್ರಿಯ ಎಂಟೂವರೆಯೂ ಅದೇ. ಆದರೆ ಜೂನ್ ತಿಂಗಳಲ್ಲಿ ಮೂರು ದಿನ ಜ್ವರ ಬಂದಾಗ ಗಂಜಿಗೆ ಬದಲಾಗಿ ಮೆತ್ತಗೆ ಬೇಯಿಸಿದ ಖಿಚಡಿ ಬಂತಂತೆ. ಪಿಂಚಣಿಯ ಕಾಗದಗಳನ್ನು ಓದಿ ತಿಳಿಸುವ ಕೆಲಸ ಇವಳ ಪಾಲಿಗೆ ಬಂದಿದೆ.

ನಾನು ಹೊರಡುವ ದಿನ ಅಜ್ಜಿ ಡಬ್ಬವನ್ನು ಹಿಂದಿರುಗಿಸಿದರು. ಬರಿದಾದ ಪಾತ್ರೆಯನ್ನು ಮರಳಿಸಬಾರದೆಂಬ ಪದ್ಧತಿ ಅವರಲ್ಲಿಯೂ ಇದೆ, ತುಂಬ ಚಕ್ಕುಲಿಯಿತ್ತು. ರತ್ನಾಗಿರಿ ದಾಟುವಷ್ಟರಲ್ಲಿ ಸಹಪ್ರಯಾಣಿಕರೊಡನೆ ಅರ್ಧ ಮುಗಿಯಿತು. ಡಬ್ಬ ಈಗ ನಮ್ಮ ಅಟ್ಟದಲ್ಲಿದೆ. ಹಲಸು ಬಲಿಯುವುದನ್ನು ಮನೆಯಾಕೆ ಕಾಯುತ್ತಿದ್ದಾಳೆ.