ಅನ್ನದಿಂದ ಆರಂಭವಾಗುವ ಜಪಾನೀ

ಜಪಾನೀ ಭಾಷೆಯೆಂದೊಡನೆ ನಮ್ಮವರಿಗೆ ಮೂರು ಬಗೆಯ ಲಿಪಿಯೂ ಸಾವಿರಾರು ಚಿತ್ರಾಕ್ಷರಗಳೂ ಕಣ್ಮುಂದೆ ಬಂದು ಎದೆ ನಡುಗುತ್ತದೆ. ಆದರೆ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿ ಬಿಡದಿಯಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಭಾಷೆ ನಮ್ಮ ತರುಣರಿಗೆ ಅನ್ನದ ಪ್ರಶ್ನೆಯೂ ಆಗಿದೆ. ದುರ್ಗಿಗುಡಿಯ ನಮ್ಮ ಮನೆಗೆ ಪಾಠಕ್ಕೆ ಬರುವ ಹುಡುಗರು ಇಂಗ್ಲಿಷಿನ ಕೈಪಿಡಿ ಹಿಡಿದು ಬರುತ್ತಾರೆ. ಅದನ್ನು ಮುಚ್ಚಿಸಿ ನಾನು ಊಟದ ಮಾತೆತ್ತುತ್ತೇನೆ.

ಇಂಗ್ಲಿಷಿಗೆ ಎಲ್ಲವೂ 'ರೈಸ್'. ಜಪಾನಿಯರಿಗೆ ಹಾಗಲ್ಲ. ಗದ್ದೆಯ ಪೈರು 'ಇನೆ', ಭತ್ತ 'ಮೊಮಿ', ಅಕ್ಕಿ 'ಕೊಮೆ', ಬೆಂದು ಬಟ್ಟಲಿಗೆ ಬಂದ ಅನ್ನ 'ಗೊಹನ್'. ಮಲೆನಾಡಿನವರಿಗೆ ಇದನ್ನು ವಿವರಿಸುವ ಅಗತ್ಯವುಂಟೇ? 'ಗೊಹನ್' ಎಂದರೆ ಊಟವೆಂದೂ ಅರ್ಥ.

'ಗೊಹನ್ ಒ ತಬೆಮಸು': ಅನ್ನವನ್ನು ತಿನ್ನುತ್ತೇನೆ. ಮೊದಲು ಕರ್ಮ, ಅದರ ಬೆನ್ನಿಗೆ ವಿಭಕ್ತಿ, ಕೊನೆಗೆ ಕ್ರಿಯಾಪದ. 'ನನಿ' ಎಂದರೆ ಏನು. 'ನನಿ ಮೊ ತಬೆಮಸೆನ್' ಎಂದರೆ ಏನೂ ತಿನ್ನುವುದಿಲ್ಲ. ನಮ್ಮ 'ಊ'ಕಾರದ ಕೆಲಸವನ್ನೇ ಅಲ್ಲಿ 'ಮೊ' ಮಾಡುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದುದು 'ತಬೆತೆ ಮಿರು'. 'ತಬೆತೆ' ಎಂದರೆ ತಿಂದು, 'ಮಿರು' ಎಂದರೆ ನೋಡುವುದು. ತಿಂದು ನೋಡುವುದು! ಅಜ್ಜಿ "ಒಂದು ಕಡುಬು ತಿಂದು ನೋಡೋ" ಎಂದಾಗ ಅಲ್ಲಿ ಕಣ್ಣಿಗೇನೂ ಕೆಲಸವಿಲ್ಲವೆಂದು ಕನ್ನಡದ ಮಗುವಿಗೂ ಗೊತ್ತು. ಇಂಗ್ಲಿಷಿನ ಮೂಲಕ ಕಲಿಯುವವನು ಮಾತ್ರ ಇದಕ್ಕೊಂದು ನಿಯಮವನ್ನು ಬಾಯಿಪಾಠ ಮಾಡಬೇಕು.

ಇಷ್ಟಕ್ಕೇ ಇವೆರಡೂ ಅಕ್ಕತಂಗಿಯರೆಂದು ಹಿಗ್ಗಬಾರದು. ಸುಸುಮು ಓನೊ ಎಂಬ ವಿದ್ವಾಂಸರು ಜಪಾನೀ ಭಾಷೆಗೂ ತಮಿಳಿಗೂ ನಂಟು ಹೇಳಿದರು; ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಖಾರಕ್ಕೆ ಜಪಾನಿಯರು 'ಕರೈ' ಎನ್ನುವುದೂ ಆಕಸ್ಮಿಕವೇ. ನಮ್ಮ ಖಾರ ಬಂದುದು ಸಂಸ್ಕೃತದ 'ಕ್ಷಾರ'ದಿಂದ. ತಿನ್ನುತ್ತೇನೆ, ತಿನ್ನುತ್ತಾಳೆ, ತಿನ್ನುತ್ತಾರೆ ಎಲ್ಲಕ್ಕೂ ಅಲ್ಲಿ 'ತಬೆಮಸು' ಒಂದೇ. ತಿನ್ನುವವರು ಯಾರೆಂಬುದನ್ನು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಕನ್ನಡಿಗರು ತೊಡರುವುದು ಇಲ್ಲಿಯೇ.

ಊಟಕ್ಕೆ ಮೊದಲು 'ಇತದಕಿಮಸು' ಎನ್ನುತ್ತಾರೆ. ಆ ಧಾತುವಿನ ಹಳೆಯ ಅರ್ಥ ತಲೆಯ ಮೇಲಿರಿಸಿಕೊಳ್ಳುವುದು. ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ನಮಗೆ ಅದರ ಭಾವ ತಿಳಿಯುತ್ತದೆ. ಉಂಡ ಮೇಲಿನ ಮಾತು 'ಗೊಚಿಸೋಸಮ'. ಅದರೊಳಗಿನ 'ಚಿಸೋ' ಎಂಬ ಪದದ ಎರಡು ಚಿತ್ರಾಕ್ಷರಗಳಿಗೂ ಓಡುವುದೆಂದೇ ಅರ್ಥ. ಅತಿಥಿಯ ಊಟಕ್ಕಾಗಿ ಅತ್ತಿತ್ತ ಓಡಾಡಿದವರಿಗೆ ಸಲ್ಲುವ ವಂದನೆಯದು. ಮದುವೆಮನೆಯಲ್ಲಿ ನಾವು 'ಓಡಾಡಿದವರು' ಎನ್ನುವುದೂ ಅಂಥವರನ್ನೇ.