ಬೆಂಬಲ ನಿಂತರೂ ಬಿಡದ ನಂಟು: ಹಳೆಯ ವಿಂಡೋಸ್ ಕೆಲವರಿಗೆ ಇನ್ನೂ ಅಚ್ಚುಮೆಚ್ಚು ಏಕೆ?

ಹಸಿರು ಗುಡ್ಡ, ಮೇಲೆ ನೀಲಿ ಆಕಾಶ. ಈ ಪರದೆ ಕಂಡರೆ ಸಾಕು, ಅದು ವಿಂಡೋಸ್ ಎಕ್ಸ್‌ಪಿ ಎಂದು ಯಾರೂ ಹೇಳಿಕೊಡಬೇಕಿಲ್ಲ. 2001ರ ಅಕ್ಟೋಬರ್‌ನಲ್ಲಿ ಬಂದ ಈ ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 7ರ ಸರದಿ 2020ರ ಜನವರಿಯಲ್ಲಿ ಮುಗಿಯಿತು. ಆದರೂ ಇವನ್ನು ಇಷ್ಟಪಟ್ಟು ಬಳಸುವವರು ಇನ್ನೂ ಇದ್ದಾರೆ. ಇದು ಬರೀ ಹಟವೇ? ಅಲ್ಲ, ಕಾರಣಗಳಿವೆ.

ಹೇಳಿದಷ್ಟು ಮಾಡಿ ಸುಮ್ಮನಿರುತ್ತದೆ

ವಿಂಡೋಸ್ 11ರ ಹೋಮ್ ಆವೃತ್ತಿ ಮೊದಲ ದಿನವೇ ಇಂಟರ್ನೆಟ್ ಸಂಪರ್ಕ, ಮೈಕ್ರೋಸಾಫ್ಟ್ ಖಾತೆ ಎರಡನ್ನೂ ಕೇಳುತ್ತದೆ. ಆಮೇಲೆ ಅಪ್‌ಡೇಟ್, ನೋಟಿಫಿಕೇಶನ್‌ಗಳ ಸಾಲು. ಹಳೆಯ ವ್ಯವಸ್ಥೆಗಳಲ್ಲಿ ಈ ಕಿರಿಕಿರಿ ಕಡಿಮೆ. 'ಗೇಮ್ ಆಫ್ ಥ್ರೋನ್ಸ್' ಖ್ಯಾತಿಯ ಲೇಖಕ ಜಾರ್ಜ್ ಆರ್.ಆರ್. ಮಾರ್ಟಿನ್ ಕಾದಂಬರಿ ಬರೆಯಲು ಇಂಟರ್ನೆಟ್ ಇಲ್ಲದ ಡಾಸ್ ಕಂಪ್ಯೂಟರ್ ಹಾಗೂ ವರ್ಡ್‌ಸ್ಟಾರ್ 4.0 ಬಳಸುವುದಾಗಿ 2014ರಲ್ಲಿ ಹೇಳಿಕೊಂಡಿದ್ದರು.

ಹಳೆಯ ಯಂತ್ರಕ್ಕೆ ಭಾರವಲ್ಲ

ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಇದ್ದರೆ ಸಾಕಿತ್ತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ, ಅಂದರೆ 64 ಪಟ್ಟು ಹೆಚ್ಚು ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಚೆನ್ನಾಗಿ ಓಡುವ ಕಂಪ್ಯೂಟರನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

ಹಳೆಯ ಆಟ, ಹಳೆಯ ಫೈಲ್

ವಿಂಡೋಸ್ 3.1 ಕಾಲದ 16 ಬಿಟ್ ತಂತ್ರಾಂಶಗಳು ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಬಾಲ್ಯದ ಆಟಗಳನ್ನು ಮತ್ತೆ ಆಡಬೇಕೆನ್ನುವವರು ಹಳೆಯ ವ್ಯವಸ್ಥೆಗೆ ಮರಳಲು ಇದೂ ಒಂದು ಕಾರಣ.

ಕನ್ನಡಿಗರಿಗೆ ಇನ್ನೊಂದು ಕಾರಣವೂ ಉಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಪುಸ್ತಕ, ಲಗ್ನಪತ್ರಿಕೆ, ಸಂಘದ ಸ್ಮರಣ ಸಂಚಿಕೆಗಳ ಡಿಟಿಪಿ ಕೆಲಸ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ನಡೆಯುತ್ತಿತ್ತು. ಪುಟ ಕಟ್ಟಲು ಪೇಜ್‌ಮೇಕರ್ ಇತ್ತು; ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅಂಥ ಫೈಲ್ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಹಾಗಾಗಿ ಹಳೆಯ ಯಂತ್ರವನ್ನು ಹಾಗೆಯೇ ಉಳಿಸಿಕೊಂಡರೆ ಹಳೆಯ ಕೆಲಸವೂ ಕೈಯಲ್ಲಿರುತ್ತದೆ.

ಅಪಾಯ ಎಲ್ಲಿದೆ?

ಬೆಂಬಲ ನಿಂತ ಮೇಲೆ ಪತ್ತೆಯಾದ ಭದ್ರತಾ ದೋಷಗಳಿಗೆ ಸಾಮಾನ್ಯವಾಗಿ ತೇಪೆ ಸಿಗುವುದಿಲ್ಲ. 2017ರ ಮೇನಲ್ಲಿ ವಾನಾಕ್ರೈ ದಾಳಿ ನಡೆದಾಗ ಮೈಕ್ರೋಸಾಫ್ಟ್ ನಿಯಮ ಬದಿಗಿಟ್ಟು ಎಕ್ಸ್‌ಪಿಗೂ ತುರ್ತು ಅಪ್‌ಡೇಟ್ ಕೊಟ್ಟಿತು. ಪ್ರತಿ ಬಾರಿಯೂ ಹಾಗಾಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಬಳಸಲೇಬೇಕಿದ್ದರೆ ಹೀಗೆ ಮಾಡಿ

* ಹಳೆಯ ಕಂಪ್ಯೂಟರಿಗೆ ಇಂಟರ್ನೆಟ್ ಕೊಡಬೇಡಿ. ಬ್ಯಾಂಕ್ ವ್ಯವಹಾರ, ಇಮೇಲ್ ಅದರಲ್ಲಿ ಬೇಡವೇ ಬೇಡ.
* ಹೊರಗಿನ ಪೆನ್‌ಡ್ರೈವ್ ಹಾಕುವ ಮುನ್ನ ಬೇರೆ ಕಂಪ್ಯೂಟರ್‌ನಲ್ಲಿ ವೈರಸ್ ತಪಾಸಣೆ ಮಾಡಿ.
* ಹಳೆಯ ಆಟಗಳಿಗಷ್ಟೇ ಆದರೆ ಹೊಸ ಕಂಪ್ಯೂಟರ್‌ನಲ್ಲೇ ಡಾಸ್‌ಬಾಕ್ಸ್ ಅಥವಾ ವರ್ಚುವಲ್ ಮಷಿನ್ ಬಳಸಬಹುದು.
* ಕನ್ನಡ ಫೈಲ್‌ಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳು ಸರಿಯಿವೆಯೇ ಎಂದು ಒಮ್ಮೆ ಓದಿ ನೋಡಿ. ಮೂಲ ಫೈಲ್ ಮತ್ತು ಫಾಂಟ್‌ನ ಪ್ರತಿಯನ್ನೂ ಇಟ್ಟುಕೊಳ್ಳಿ.

ಕೊನೆಯ ಕೆಲಸವನ್ನು ಮಾತ್ರ ಮುಂದೂಡಬೇಡಿ. ಹಳೆಯ ವಿಂಡೋಸನ್ನು ಇನ್ನೊಮ್ಮೆ ಹಾಕಿಕೊಳ್ಳಬಹುದು. ಹಾರ್ಡ್‌ಡಿಸ್ಕ್ ಕೈಕೊಟ್ಟರೆ ಅದರಲ್ಲಿದ್ದ ಬರಹ ಮತ್ತೆ ಸಿಗುತ್ತದೆಂಬ ಭರವಸೆಯಿಲ್ಲ.