ಹರಾಜಿಗಿಟ್ಟ ಸರದಿ

ದಲ್ಲಾಳಿಗಳಿಗೆ ತೆರಬೇಕಾದ ವೆಚ್ಚದಿಂದ ಚಿಲ್ಲರೆ ವ್ಯವಹಾರಗಳು ಅಸಾಧ್ಯವಾಗುತ್ತಿವೆಯೆಂಬುದು 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಿಂದ ಹೊರಟ ಬಿಟ್‌ಕಾಯಿನ್ ಪ್ರಬಂಧದ ದೂರುಗಳಲ್ಲೊಂದಾಗಿದ್ದಿತು. ಆ ನಾಣ್ಯವೇ ಈಗ ಯಾವ ಗತಿಗೆ ಬಂದಿರುವುದೆಂಬುದನ್ನು ವಾಚಕರು ಪರಾಂಬರಿಸಬೇಕು.

ಅದರ ಬಹಿರಂಗ ಲೆಕ್ಕದ ಪುಸ್ತಕಕ್ಕೆ ಸುಮಾರು ಹತ್ತು ನಿಮಿಷಕ್ಕೊಂದು ಹಾಳೆ ಸೇರುವುದು. ಹಾಳೆಯಲ್ಲಿ ಸ್ಥಳವು ಪರಿಮಿತ. ಸೆಕೆಂಡಿಗೆ ಹತ್ತರ ಆಸುಪಾಸಿನ ವ್ಯವಹಾರಗಳಷ್ಟೇ ಹಿಡಿಸುವುವು. ಸಂದಣಿಯಾದಾಗ ಹೆಚ್ಚು ರುಸುಮು ಕೊಟ್ಟವನ ಬಾಬು ಮೊದಲು ದಾಖಲಾಗುವುದು. ಉಳಿದವರು ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಕಾದಿರಬೇಕು. ಸರಾಸರಿ ರುಸುಮು 2017ರ ಡಿಸೆಂಬರಿನಲ್ಲಿ 50 ಡಾಲರುಗಳನ್ನೂ, 2024ರ ಏಪ್ರಿಲ್ 20ರಂದು 100 ಡಾಲರುಗಳನ್ನೂ ಮೀರಿದ್ದಿತು.

ಈ ರುಸುಮು ಹಣದ ಮೊತ್ತವನ್ನು ನೋಡುವುದಿಲ್ಲ, ದಾಖಲೆಯ ಗಾತ್ರವನ್ನಷ್ಟೇ ನೋಡುವುದು. ಆದುದರಿಂದ ಲಕ್ಷ ಡಾಲರು ಕಳುಹುವ ಧನಿಕನಿಗೆ ಹಗುರವಾದ ಹೊರೆಯೇ ನೂರು ಡಾಲರು ಕಳುಹುವ ಕೂಲಿಕಾರನ ಬೆನ್ನು ಮುರಿಯುವುದು.

ಸಂದಣಿ ಕರಗಿದಾಗ ರುಸುಮು ಇಳಿಯುವುದು ನಿಜ. ‘ಲೈಟ್ನಿಂಗ್’ ಮೊದಲಾದ ಉಪಮಾರ್ಗಗಳೂ ಹುಟ್ಟಿವೆ. ಆದರೆ ಆ ದಾರಿ ಹಿಡಿಯುವವನೂ ಮೊದಲು ಮೂಲ ಪುಸ್ತಕದಲ್ಲಿ ಠೇವಣಿಯನ್ನು ದಾಖಲಿಸಿಯೇ ಹೊರಡಬೇಕಾಗುವುದು ಸಾಮಾನ್ಯ. ದಲ್ಲಾಳಿಯನ್ನು ಹೊರಗಟ್ಟಿದ ಮಾತ್ರಕ್ಕೆ ದಲ್ಲಾಳಿತನ ತೊಲಗದು. ಬಡವನ ಸರದಿಯನ್ನು ಹರಾಜಿಗಿಡುವ ನಾಣ್ಯವು ಜನತೆಯ ನಾಣ್ಯವೆನ್ನಿಸಿಕೊಳ್ಳಲಾರದೆಂಬುದೇ ನಮ್ಮ ಸ್ಪಷ್ಟಾಭಿಪ್ರಾಯ.